ಪದರಿತ ವರ್ಚುವಲೀಕರಣದಲ್ಲಿ ಪುಟದೋಷದ ನಿರ್ವಹಣೆ

ಬಂಗಾರಪೇಟೆಯಿಂದ ಕವಲೊಡೆಯುವ ರೈಲುಹಾದಿ ಮಾರಿಕುಪ್ಪಂನಲ್ಲಿ ಮುಗಿಯುತ್ತದೆ. 2001ರಲ್ಲಿ ಕೋಲಾರದ ಚಿನ್ನದ ಗಣಿಗಳು ಮುಚ್ಚುವವರೆಗೂ ಕಾರ್ಮಿಕರ ಪಯಣ ಅಲ್ಲಿಂದ ಭೂಗರ್ಭಕ್ಕೆ ಮುಂದುವರಿಯುತ್ತಿತ್ತು. ಮೂರು ಕಿಲೋಮೀಟರಿಗೂ ಮಿಕ್ಕಿದ ಆಳದ ಚಾಂಪಿಯನ್ ರೀಫ್ ಗಣಿಯಲ್ಲಿ ಒಂದೇ ಶಾಫ್ಟಿನಿಂದ ತಳ ಸೇರಲಾಗುತ್ತಿರಲಿಲ್ಲ. ಒಂದು ಕೇಜಿನಿಂದ ಇಳಿದು, ನೆಲದೊಳಗೇ ಆರಂಭವಾಗುವ ಮತ್ತೊಂದು ಶಾಫ್ಟಿನ ಕೇಜನ್ನು ಹಿಡಿಯಬೇಕಿತ್ತು. ಕೆಳಗಿನ ಕೇಜು ನಿಂತಾಗ ಮೇಲಿನ ಶಾಫ್ಟಿನ ಯಂತ್ರವನ್ನು ಪರೀಕ್ಷಿಸಿ ಫಲವಿಲ್ಲ. ಪದರಿತ ವರ್ಚುವಲೀಕರಣದ ತೊಡಕೂ ಬಹುಮಟ್ಟಿಗೆ ಇದೇ.

ಒಂದೇ ಗಣಕದಲ್ಲಿ ಹಲವು ವರ್ಚುವಲ್ ಯಂತ್ರಗಳನ್ನು ನಡೆಸುವ ತಂತ್ರಾಂಶವೇ ಹೈಪರ್‌ವೈಸರ್. ಲಿನಕ್ಸ್‌ನ ಕೆವಿಎಂ 2007ರಲ್ಲಿ 2.6.20ನೆಯ ಆವೃತ್ತಿಯೊಡನೆ ಬಳಕೆಗೆ ಬಂದಿತು. ವರ್ಚುವಲ್ ಯಂತ್ರದೊಳಗೆ ಮತ್ತೊಂದು ಹೈಪರ್‌ವೈಸರನ್ನು ನಡೆಸಿದಾಗ ಮೂರು ಪಾತ್ರಗಳು ಏರ್ಪಡುತ್ತವೆ: ತಳದ ಹೈಪರ್‌ವೈಸರ್, ನಡುವಿನ ಹೈಪರ್‌ವೈಸರ್, ಒಳಗಿನ ಅತಿಥಿ. ಅತಿಥಿಯು ಬಳಸುವ ವಿಳಾಸವನ್ನು ಮೊದಲು ಅದರದೇ ಪುಟಪಟ್ಟಿ, ಬಳಿಕ ನಡುವಿನದರ ಪಟ್ಟಿ, ಕೊನೆಗೆ ತಳದ ಪಟ್ಟಿ ಅನುವಾದಿಸಬೇಕು. ಸಂಸ್ಕಾರಕಕ್ಕಾದರೋ ತಿಳಿದಿರುವುದು ಎರಡೇ ಹಂತ. ಹೀಗಾಗಿ ತಳದ ಹೈಪರ್‌ವೈಸರ್ ಕೊನೆಯ ಎರಡು ಪಟ್ಟಿಗಳನ್ನು ಕೂಡಿಸಿ ಒಂದಾಗಿಸುತ್ತದೆ. ಈ ಎರಡು ಹಂತಗಳೇನೂ ಅಗ್ಗವಲ್ಲ: ಎರಡೂ ಕಡೆ ನಾಲ್ಕು ಮಟ್ಟದ ಪಟ್ಟಿಗಳಿದ್ದರೆ ಒಂದು ವಿಳಾಸಕ್ಕೆ 24 ಬಾರಿ ಸ್ಮೃತಿಯನ್ನು ಓದಬೇಕಾದೀತು.

ಯಾವುದೋ ಪಟ್ಟಿಯಲ್ಲಿ ನಮೂದು ಇಲ್ಲದಿದ್ದರೆ ಪುಟದೋಷ ಸಂಭವಿಸುತ್ತದೆ. ದೋಷ ಯಾರದೆಂಬುದೇ ಇಲ್ಲಿನ ಮುಖ್ಯ ಪ್ರಶ್ನೆ. ತಳದ ಪಟ್ಟಿಯ ಕೊರತೆಯನ್ನು ತಳದ ಹೈಪರ್‌ವೈಸರ್ ಸದ್ದಿಲ್ಲದೆ ತುಂಬಬೇಕು. ನಡುವಿನ ಪಟ್ಟಿಯದಾದರೆ ಅತಿಥಿಯನ್ನು ನಿಲ್ಲಿಸಿ ನಡುವಿನ ಹೈಪರ್‌ವೈಸರ್‌ಗೆ ವರದಿ ಮಾಡಬೇಕು. ಅತಿಥಿಯದೇ ಪಟ್ಟಿಯದಾದರೆ ಸಾಮಾನ್ಯ ಪುಟದೋಷವಾಗಿಯೇ ಅದು ಹೊರಡಬೇಕು.

ತಳದ ಹೈಪರ್‌ವೈಸರ್ ಅತಿಥಿಯ ಆದೇಶವೊಂದನ್ನು ತಾನೇ ಅನುಕರಿಸುವಾಗ ಈ ವಿವೇಚನೆ ಹೆಚ್ಚು ಕಠಿಣ. ಆಗ ಯಂತ್ರಾಂಶದ ಬದಲು ತಂತ್ರಾಂಶವೇ ಪಟ್ಟಿಗಳನ್ನು ಓದುತ್ತದೆ. ಅತಿಥಿಯ ಪುಟಪಟ್ಟಿಗಳು ಇರುವ ತಾಣಗಳಿಗೂ ನಡುವಿನ ಪಟ್ಟಿಯ ಅನುವಾದ ಬೇಕಾದ್ದರಿಂದ, ಓದುವಿಕೆ ಯಾವ ಹೆಜ್ಜೆಯಲ್ಲಿಯೂ ಎಡವಬಹುದು. ನಡುವಿನ ದೋಷವನ್ನು ತಪ್ಪಾಗಿ ಅತಿಥಿಗೆ ಒಪ್ಪಿಸಿದರೆ ಅದು ತನ್ನ ಪಟ್ಟಿಯನ್ನು ನೋಡುತ್ತದೆ, ನಮೂದು ಸರಿಯಾಗಿಯೇ ಇದೆ. ಆದೇಶವನ್ನು ಮತ್ತೆ ನಡೆಸುತ್ತದೆ, ಅದೇ ದೋಷ ಮರಳುತ್ತದೆ. ಇಂತಹ ಸುಳಿಗೆ ಕೊನೆಯಿಲ್ಲ. ಇದಕ್ಕಿಂತ ಗಂಭೀರವಾದುದು ತದ್ವಿರುದ್ಧ ಪ್ರಮಾದ: ನಡುವಿನ ಹೈಪರ್‌ವೈಸರ್ ಬರೆಯಲು ನಿಷೇಧಿಸಿದ ಪುಟಕ್ಕೆ ತಳದ್ದು ಅನುಮತಿಯಿತ್ತರೆ ಅತಿಥಿಗಳ ನಡುವಣ ಗೋಡೆಯೇ ಬೀಳುತ್ತದೆ.

ಎಎಂಡಿ ಸಂಸ್ಥೆಯ ಯೋರ್ಗ್ ರೋಡೆಲ್ 2010ರಲ್ಲಿ ಕೆವಿಎಂಗೆ ಸಲ್ಲಿಸಿದ ತಿದ್ದುಪಡಿಗಳಲ್ಲಿ ಒಂದು ಇದನ್ನೇ ಸರಿಪಡಿಸಿತು. ಉಪಾಯ ಸರಳವಾದುದು. ಎರಡನೆಯ ಹಂತದ ಅನುವಾದ ವಿಫಲವಾದ ಸ್ಥಳದಲ್ಲಿಯೇ ದೋಷಕ್ಕೊಂದು ಗುರುತು ಅಂಟಿಸಲಾಗುತ್ತದೆ; ದೋಷವನ್ನು ರವಾನಿಸುವ ಭಾಗವು ಆ ಗುರುತನ್ನು ನೋಡಿ ದಾರಿಯನ್ನು ಆರಿಸುತ್ತದೆ. ಮೂಲವನ್ನು ನಂತರ ಊಹಿಸುವುದಕ್ಕಿಂತ ಘಟಿಸಿದಲ್ಲಿಯೇ ದಾಖಲಿಸುವುದು ಹೆಚ್ಚು ವಿಶ್ವಾಸಾರ್ಹವೆಂಬುದು ಸ್ಪಷ್ಟ. ಈ ಕಾರ್ಯ 2.6.37ನೆಯ ಆವೃತ್ತಿಯೊಡನೆ 2011ರ ಜನವರಿಯಲ್ಲಿ ಹೊರಬಂದಿತು. ಇಂಟೆಲ್ ಸಂಸ್ಕಾರಕಗಳಲ್ಲಿ ಇದಕ್ಕೆ ಸಮಾನವಾದ ಸೌಲಭ್ಯ ಕೆವಿಎಂಗೆ ದೊರೆತದ್ದು 2013ರ 3.12ನೆಯ ಆವೃತ್ತಿಯಲ್ಲಿ.