ಗೇಮಿಂಗ್ ಕಂಪ್ಯೂಟರ್‌ಗೆ ಎಂಥ ಮಾನಿಟರ್?

ರಜೆ ಹತ್ತಿರವಾದಂತೆ ಮನೆಯಲ್ಲಿ ಮಕ್ಕಳ ಬೇಡಿಕೆಗಳ ಪಟ್ಟಿ ಬೆಳೆಯತೊಡಗುತ್ತದೆ. "ಉಮ್ಮಾ, ಕಂಪ್ಯೂಟರ್ ಆಯಿತು, ಇನ್ನು ಒಳ್ಳೆಯ ಗೇಮಿಂಗ್ ಮಾನಿಟರ್ ಬೇಕು" ಎಂದು ಮಗ ಕೇಳುತ್ತಾನೆ. 240 ಹರ್ಟ್ಸ್, ಫೋರ್ ಕೆ, ಒಂದು ಮಿಲಿಸೆಕೆಂಡ್ ಎಂದೆಲ್ಲ ಒಂದೇ ಉಸಿರಿನಲ್ಲಿ ಹೇಳುವಾಗ ಹೆಚ್ಚಿನ ತಾಯಂದಿರು, "ನನಗೆ ಅದೆಲ್ಲ ತಿಳಿಯದು, ಉಪ್ಪನಲ್ಲಿ ಕೇಳು" ಎಂದು ಸುಮ್ಮನಾಗುತ್ತಾರೆ. ತಂದೆ ಗಲ್ಫ್‌ನಲ್ಲಿದ್ದರೆ ಫೋನಿನಲ್ಲೇ ತೀರ್ಮಾನವಾಗಿಬಿಡುತ್ತದೆ. ಹೋಗುವುದು ಮಾತ್ರ ಮನೆ ಖರ್ಚಿಗೆಂದು ಬಂದ ದುಡ್ಡು.

ಮಾನಿಟರ್ ಹಲವು ವರ್ಷ ಮನೆಯಲ್ಲಿರುವ ವಸ್ತು. ಮಕ್ಕಳ ಕಣ್ಣು ಗಂಟೆಗಟ್ಟಲೆ ಅದರ ಮೇಲಿರುತ್ತದೆ. ಆದುದರಿಂದ ಅದರ ಆಯ್ಕೆಯಲ್ಲಿ ನೀವೂ ಭಾಗಿಯಾಗಬೇಕು. ಅದಕ್ಕೆ ನಾಲ್ಕೈದು ಪದಗಳ ಅರ್ಥ ತಿಳಿದಿದ್ದರೆ ಸಾಕು.

ಮೊದಲು ಕಂಪ್ಯೂಟರ್ ನೋಡಿ

ಮಾನಿಟರ್ ತಾನಾಗಿ ಚಿತ್ರ ತಯಾರಿಸುವುದಿಲ್ಲ. ಕಂಪ್ಯೂಟರಿನೊಳಗಿನ ಗ್ರಾಫಿಕ್ಸ್ ಕಾರ್ಡ್ ಕಳುಹಿಸಿದ್ದನ್ನು ತೋರಿಸುವುದಷ್ಟೇ ಅದರ ಕೆಲಸ. ಪರದೆಯ ಚಿತ್ರವು ಪಿಕ್ಸೆಲ್ ಎಂಬ ಸಣ್ಣ ಚುಕ್ಕೆಗಳಿಂದ ಆಗಿರುತ್ತದೆ. ಫುಲ್ ಎಚ್‌ಡಿ ಪರದೆಯಲ್ಲಿ ಅಡ್ಡಕ್ಕೆ 1920, ಮೇಲಿಂದ ಕೆಳಗೆ 1080, ಒಟ್ಟು ಸುಮಾರು 20.7 ಲಕ್ಷ ಚುಕ್ಕೆಗಳು. ಕ್ಯೂಎಚ್‌ಡಿಯಲ್ಲಿ ಸುಮಾರು 36.9 ಲಕ್ಷ. ಫೋರ್ ಕೆಯಲ್ಲಿ ಸುಮಾರು 83 ಲಕ್ಷ, ಅಂದರೆ ಫುಲ್ ಎಚ್‌ಡಿಯ ನಾಲ್ಕು ಪಟ್ಟು.

ಆಟ ನಡೆಯುವಾಗ ಇಷ್ಟೂ ಚುಕ್ಕೆಗಳನ್ನು ಕಾರ್ಡ್ ಸೆಕೆಂಡಿಗೆ ಹತ್ತಾರು ಬಾರಿ ಹೊಸದಾಗಿ ಮೂಡಿಸಬೇಕು. ಸಾಧಾರಣ ಕಾರ್ಡಿಗೆ ಫೋರ್ ಕೆ ಮಾನಿಟರ್ ಜೋಡಿಸುವುದೆಂದರೆ ಸಣ್ಣ ಒಲೆಯ ಮೇಲೆ ಮದುವೆ ಮನೆಯ ಬಿರಿಯಾನಿ ಪಾತ್ರೆ ಇಟ್ಟಂತೆ. ಆಟ ತಡೆದು ತಡೆದು ಸಾಗುತ್ತದೆ. ಆದ್ದರಿಂದ ಮಗನಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ: "ನೀನು ಆಡುವ ಆಟಗಳಲ್ಲಿ ನಮ್ಮ ಕಾರ್ಡ್ ಸೆಕೆಂಡಿಗೆ ಎಷ್ಟು ಚಿತ್ರ ಕೊಡುತ್ತದೆ?" ಮಕ್ಕಳು ಇದನ್ನು ಎಫ್‌ಪಿಎಸ್ ಎನ್ನುತ್ತಾರೆ. ಇದನ್ನು ಪರದೆಯ ಮೂಲೆಯಲ್ಲಿ ಕಾಣುವಂತೆ ಮಾಡುವುದು ಅವರಿಗೆ ಗೊತ್ತಿರುತ್ತದೆ. ತೋರಿಸಲು ಹೇಳಿ.

ಹರ್ಟ್ಸ್ ಎಂದರೇನು?

ಪರದೆ ಸೆಕೆಂಡಿಗೆ ಎಷ್ಟು ಬಾರಿ ಚಿತ್ರ ಬದಲಿಸುತ್ತದೆ ಎಂಬ ಲೆಕ್ಕವೇ ಹರ್ಟ್ಸ್. 60 ಹರ್ಟ್ಸ್‌ನಲ್ಲಿ ಒಂದು ಚಿತ್ರ ಸುಮಾರು 17 ಮಿಲಿಸೆಕೆಂಡ್ ನಿಲ್ಲುತ್ತದೆ, 144ರಲ್ಲಿ 7, 240ರಲ್ಲಿ 4. ಮೊದಲ ಹೆಜ್ಜೆಯಲ್ಲಿ ಸಿಗುವ ಲಾಭ 10 ಮಿಲಿಸೆಕೆಂಡ್, ಎರಡನೆಯದರಲ್ಲಿ ಬರೀ 3. ಚುರುಕಾಗಿ ಗುರಿಯಿಡುವ ಆಟಗಳಲ್ಲಿ 60ಕ್ಕೂ 144ಕ್ಕೂ ಇರುವ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಮಗನ ಬೇಡಿಕೆ ಬರೀ ಹಠವಲ್ಲ ಎಂಬುದನ್ನು ಒಪ್ಪಿಕೊಳ್ಳೋಣ. ಆದರೆ ಕಾರ್ಡ್ 70 ಎಫ್‌ಪಿಎಸ್ ಮಾತ್ರ ಕೊಡುತ್ತಿದ್ದರೆ 240 ಹರ್ಟ್ಸ್‌ಗೆ ಕೊಟ್ಟ ಹಣ ವ್ಯರ್ಥ.

ಕಾರ್ಡಿನ ವೇಗಕ್ಕೂ ಪರದೆಯ ವೇಗಕ್ಕೂ ತಾಳೆಯಾಗದಿದ್ದರೆ ಚಿತ್ರ ನಡುವೆ ಸೀಳಿದಂತೆ ಕಾಣಬಹುದು. ಇದನ್ನು ತಡೆಯುವ ವ್ಯವಸ್ಥೆಯೇ ಫ್ರೀಸಿಂಕ್ ಮತ್ತು ಜಿ-ಸಿಂಕ್. ಇವೆರಡರಲ್ಲಿ ಒಂದು ಇರಲೇಬೇಕು. ಪೆಟ್ಟಿಗೆಯ ಮೇಲಿನ 'ಒಂದು ಮಿಲಿಸೆಕೆಂಡ್' ಎಂಬುದು ಅತ್ಯುತ್ತಮ ಸ್ಥಿತಿಯಲ್ಲಿ ಅಳೆದ ಸಂಖ್ಯೆ. ಅದೊಂದನ್ನೇ ನೋಡಿ ಕೊಳ್ಳಬೇಡಿ.

ಗಾತ್ರ ಮತ್ತು ಪರದೆಯ ಬಗೆ

ಫುಲ್ ಎಚ್‌ಡಿಗೆ 24 ಇಂಚು ಹಿತವಾದ ಗಾತ್ರ. ಅದನ್ನೇ 27 ಇಂಚಿಗೆ ಎಳೆದರೆ ಅಕ್ಷರಗಳು ಒರಟಾಗಿ ಕಾಣುತ್ತವೆ. 27 ಇಂಚು ಬೇಕಿದ್ದರೆ, ಕಾರ್ಡಿಗೆ ಶಕ್ತಿಯಿದ್ದರೆ, ಕ್ಯೂಎಚ್‌ಡಿ ತೆಗೆದುಕೊಳ್ಳಿ.

ಐಪಿಎಸ್ ಪರದೆಯಲ್ಲಿ ಪಕ್ಕದಿಂದ ನೋಡಿದರೂ ಬಣ್ಣ ಹೆಚ್ಚು ಕೆಡುವುದಿಲ್ಲ. ಅದೇ ಪರದೆಯಲ್ಲಿ ಮಗಳು ಪಾಠ ನೋಡಬೇಕು, ತಮ್ಮ ಪಕ್ಕದಲ್ಲಿ ಕೂರಬೇಕು ಎಂದಿದ್ದರೆ ಇದೇ ಒಳ್ಳೆಯದು. ವಿಎ ಪರದೆಯಲ್ಲಿ ಕಪ್ಪು ಬಣ್ಣ ಗಾಢವಾಗಿರುತ್ತದೆ, ಆದರೆ ಕತ್ತಲ ದೃಶ್ಯಗಳು ವೇಗವಾಗಿ ಓಡಿದಾಗ ಕಲೆಸಿದಂತಾಗಬಹುದು. ಟಿಎನ್ ಪರದೆ ಪಕ್ಕದಿಂದ ಮಂಕಾಗುತ್ತದೆ. ಓಎಲ್‌ಇಡಿಯ ಚಿತ್ರ ಬಹಳ ಚೆಂದ, ಆದರೆ ಬೆಲೆ ಹೆಚ್ಚು. ಒಂದೇ ಚಿತ್ರ ದೀರ್ಘಕಾಲ ನಿಂತರೆ ಅದರಲ್ಲಿ ಅಳಿಯದ ಗುರುತು ಉಳಿಯುವ ಭಯವೂ ಇದೆ.

ಕಣ್ಣು, ಕುತ್ತಿಗೆ

ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ತುಸು ಕೆಳಗಿರಬೇಕು. ಕಡಿಮೆ ಬೆಲೆಯ ಹಲವು ಮಾನಿಟರ್‌ಗಳ ಸ್ಟ್ಯಾಂಡ್ ಏರಿಸಲು ಬರುವುದಿಲ್ಲ. ಆಗ ಗಟ್ಟಿಯಾದ ಮಣೆಯೊಂದನ್ನು ಕೆಳಗಿಟ್ಟರೂ ಆದೀತು. ಮಗು ಒಂದು ತೋಳಿನಷ್ಟು ದೂರ ಕೂರಲಿ. ಕಿಟಕಿಯ ಬೆಳಕು ಪರದೆಯ ಮೇಲೆ ನೇರ ಬೀಳದಿರಲಿ.

ನೀಲಿ ಬೆಳಕಿನಿಂದ ಕಣ್ಣು ಕೆಡುತ್ತದೆಂದು ಅನೇಕರು ಹೆದರುತ್ತಾರೆ. ಪರದೆಯ ನೀಲಿ ಬೆಳಕು ಕಣ್ಣಿಗೆ ಹಾನಿ ಮಾಡುತ್ತದೆನ್ನಲು ಆಧಾರವಿಲ್ಲವೆಂದು ಅಮೆರಿಕದ ನೇತ್ರ ವೈದ್ಯರ ಅಕಾಡೆಮಿ ಹೇಳಿದೆ. ದಿಟ್ಟಿಸಿ ನೋಡುವಾಗ ರೆಪ್ಪೆ ಬಡಿಯುವುದು ಕಡಿಮೆಯಾಗಿ ಕಣ್ಣು ಒಣಗುವುದೇ ಆಯಾಸಕ್ಕೆ ಮುಖ್ಯ ಕಾರಣ. 20 ನಿಮಿಷಕ್ಕೊಮ್ಮೆ, 20 ಅಡಿ ದೂರದ ವಸ್ತುವನ್ನು, 20 ಸೆಕೆಂಡ್ ನೋಡುವ ಅಭ್ಯಾಸ ಮಾಡಿಸಿ. ಇದಕ್ಕೆ ದುಡ್ಡು ಬೇಕಿಲ್ಲ.

ಕೊಳ್ಳುವಾಗ, ಕೊಂಡ ಮೇಲೆ

ಗಲ್ಫ್‌ನಿಂದ ಬರುವವರಲ್ಲಿ ತರಿಸುವ ಮುನ್ನ ವಾರಂಟಿ ಇಲ್ಲಿ ನಡೆಯುತ್ತದೆಯೇ ಎಂದು ಕೇಳಿ. ಹಲವು ಕಂಪೆನಿಗಳ ವಾರಂಟಿ ಕೊಂಡ ದೇಶಕ್ಕಷ್ಟೇ ಸೀಮಿತ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ, ಊರಿನ ಅಂಗಡಿಯಲ್ಲಾಗಲಿ ಕೊಳ್ಳುವುದಿದ್ದರೆ ಅಲ್ಲೇ ಆನ್ ಮಾಡಿಸಿ, ಪರದೆ ತುಂಬ ಕಪ್ಪು, ಬಿಳಿ, ಕೆಂಪು, ಹಸಿರು, ನೀಲಿ ಬಣ್ಣ ತೋರಿಸಲು ಹೇಳಿ. ಸತ್ತ ಚುಕ್ಕೆಗಳಿದ್ದರೆ ಆಗಲೇ ಕಾಣುತ್ತವೆ. ಬಿಲ್ ಜೋಪಾನ.

ಮನೆಗೆ ತಂದ ಮೇಲೆ ಎರಡು ವಿಷಯ ನೋಡಿ. ಒಂದು, ಕೇಬಲನ್ನು ಗ್ರಾಫಿಕ್ಸ್ ಕಾರ್ಡಿನ ಕಿಂಡಿಗೇ ಚುಚ್ಚಬೇಕು. ಮದರ್‌ಬೋರ್ಡಿನ ಕಿಂಡಿಗೆ ಚುಚ್ಚಿದರೆ ಕಾರ್ಡಿನ ಪೂರ್ತಿ ಪ್ರಯೋಜನ ಸಿಗದು. ಎರಡು, ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ, ಅಡ್ವಾನ್ಸ್ಡ್ ಡಿಸ್‌ಪ್ಲೇ ಎಂಬಲ್ಲಿ, ಹರ್ಟ್ಸ್ ಎಷ್ಟಿದೆ ನೋಡಿ. ಹೊಸ 144 ಹರ್ಟ್ಸ್ ಮಾನಿಟರ್ ಎಷ್ಟೋ ಸಲ 60ರಲ್ಲೇ ಓಡುತ್ತಿರುತ್ತದೆ. ಯಾರಾದರೂ ಬದಲಿಸುವ ತನಕ ಹಾಗೆಯೇ ಇರುತ್ತದೆ.

ಸಾಧಾರಣ ಕಾರ್ಡ್ ಇರುವ ಮನೆಗೆ 24 ಇಂಚಿನ ಫುಲ್ ಎಚ್‌ಡಿ, ಐಪಿಎಸ್, 144ರ ಆಸುಪಾಸಿನ ಹರ್ಟ್ಸ್, ಫ್ರೀಸಿಂಕ್ ಅಥವಾ ಜಿ-ಸಿಂಕ್, ಏರಿಸಿ ಇಳಿಸಬಹುದಾದ ಸ್ಟ್ಯಾಂಡ್ ಇಷ್ಟಿದ್ದರೆ ಧಾರಾಳ ಸಾಕು. ಉಳಿದ ಹಣದಲ್ಲಿ ಬೆನ್ನಿಗೆ ಆಸರೆಯಿರುವ ಒಂದು ಕುರ್ಚಿ ಕೊಳ್ಳಿ. ಮೇಜನ್ನು ಬಾಗಿಲು ಹಾಕಿದ ಕೋಣೆಯಲ್ಲಿಡದೆ ಎಲ್ಲರೂ ಓಡಾಡುವ ಹಾಲ್‌ನಲ್ಲಿಡಿ. ಮಗ ಏನು ಆಡುತ್ತಾನೆ, ಎಷ್ಟು ಹೊತ್ತು ಆಡುತ್ತಾನೆ ಎಂಬುದು ಆಗ ನಿಮಗೂ ಕಾಣುತ್ತಿರುತ್ತದೆ.