ಮೇಲ್ಮೈಯನ್ನು ತಟ್ಟಿ ನೋಡುವ ವಿಜ್ಞಾನ

ಗಂಗಾವತಿಗೆ ಸಮೀಪದ ಹಿರೇಬೆಣಕಲ್ಲಿನ ಬೆಟ್ಟದ ಮೇಲೆ, ಪ್ರಾಚೀನ ಶಿಲಾಸಮಾಧಿಗಳ ನೆರೆಯಲ್ಲಿ, ನಗಾರಿಯ ಆಕಾರದ ಬೃಹತ್ ಬಂಡೆಯೊಂದಿದೆ. ಕಣ್ಣಿಗೆ ಅದು ಬರಿಯ ಕಲ್ಲು. ಕಟ್ಟಿಗೆಯಿಂದ ಬಡಿದಾಗ ಮಾತ್ರ ದೂರದವರೆಗೆ ನಾದವನ್ನು ಹೊಮ್ಮಿಸುತ್ತದೆ. ಆಕಾರವನ್ನು ಕಾಣುವುದು ಬೇರೆ, ಗುಣವನ್ನು ಅರಿಯುವುದು ಬೇರೆ. ಪರಮಾಣುಗಳ ಲೋಕದಲ್ಲಿಯೂ ಈ ಭೇದವುಂಟು.

1981ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಬಳಿಯ ಐ.ಬಿ.ಎಂ. ಪ್ರಯೋಗಾಲಯದಲ್ಲಿ ಗೆರ್ಡ್ ಬಿನ್ನಿಗ್ ಮತ್ತು ಹೈನ್ರಿಶ್ ರೋರರ್ ಅವರು ಸ್ಕ್ಯಾನಿಂಗ್ ಟನಲಿಂಗ್ ಸೂಕ್ಷ್ಮದರ್ಶಕವನ್ನು ರೂಪಿಸಿದರು. 1986ರಲ್ಲಿ ಇದಕ್ಕಾಗಿ ನೊಬೆಲ್ ಪಾರಿತೋಷಕಕ್ಕೆ ಭಾಜನರಾದರು. ಈ ಉಪಕರಣದಲ್ಲಿ ಮಸೂರಗಳಿಲ್ಲ. ಅತ್ಯಂತ ಮೊನಚಾದ ಲೋಹದ ಸೂಜಿಯೊಂದನ್ನು ಪದಾರ್ಥದ ಮೇಲ್ಮೈಗೆ ಸುಮಾರು ಒಂದು ನ್ಯಾನೊಮೀಟರಿನಷ್ಟು, ಅಂದರೆ ಮೀಟರಿನ ನೂರು ಕೋಟಿಯಲ್ಲೊಂದು ಭಾಗದಷ್ಟು, ಸಮೀಪಕ್ಕೆ ತರಲಾಗುತ್ತದೆ. ಎರಡೂ ಒಂದನ್ನೊಂದು ಮುಟ್ಟದಿದ್ದರೂ, ವೋಲ್ಟೇಜು ಕೊಟ್ಟೊಡನೆ ಇಲೆಕ್ಟ್ರಾನುಗಳು ಸುರಂಗದಲ್ಲಿ ನುಸುಳಿದಂತೆ ಆ ತೆರಪನ್ನು ದಾಟುತ್ತವೆ. ತೆರಪು ನ್ಯಾನೊಮೀಟರಿನ ಹತ್ತನೆಯ ಒಂದಂಶ ಹೆಚ್ಚಿದರೆ ವಿದ್ಯುತ್ಪ್ರವಾಹವು ಸುಮಾರು ಹತ್ತನೆಯ ಒಂದಂಶಕ್ಕೆ ಇಳಿಯುತ್ತದೆ. ಪ್ರವಾಹವು ಬದಲಾಗದಂತೆ ಸೂಜಿಯನ್ನು ಏರಿಸುತ್ತ ಇಳಿಸುತ್ತ ಮೇಲ್ಮೈಯುದ್ದಕ್ಕೂ ನಡೆಸಿದರೆ ಅದರ ಉಬ್ಬುತಗ್ಗುಗಳ ನಕ್ಷೆ ದೊರೆಯುತ್ತದೆ.

ಇದು ಬಂಡೆಯನ್ನು ಕಂಡಂತಾಯಿತು. ತಟ್ಟಿ ನೋಡುವುದು ಮುಂದಿನ ಕಾರ್ಯ. ಸೂಜಿಯನ್ನು ಒಂದೇ ಬಿಂದುವಿನ ಮೇಲೆ ನಿಲ್ಲಿಸಿ, ಅಂತರವನ್ನು ಸ್ಥಿರವಾಗಿರಿಸಿ, ವೋಲ್ಟೇಜನ್ನು ಮಾತ್ರ ಕ್ರಮವಾಗಿ ಬದಲಿಸುತ್ತಾರೆ. ಇದಕ್ಕೆ ಟನಲಿಂಗ್ ರೋಹಿತಮಾಪನವೆಂದು ಹೆಸರು. ಯಾವ ವೋಲ್ಟೇಜಿನಲ್ಲಿ ಪ್ರವಾಹವು ಥಟ್ಟನೆ ಏರುವುದೋ ಅದಕ್ಕೆ ಸಂವಾದಿಯಾದ ಶಕ್ತಿಯಲ್ಲಿ ಇಲೆಕ್ಟ್ರಾನುಗಳಿಗೆ ನೆಲೆಗಳು ದಟ್ಟವಾಗಿವೆಯೆಂದು ತಿಳಿಯಬೇಕು. ಏರದಿದ್ದರೆ ಅಲ್ಲಿ ನೆಲೆಗಳಿಲ್ಲ. ವೋಲ್ಟೇಜಿನ ದಿಕ್ಕನ್ನು ಬದಲಿಸಿ ತುಂಬಿದ ನೆಲೆಗಳನ್ನೂ ಬರಿದಾದ ನೆಲೆಗಳನ್ನೂ ಪ್ರತ್ಯೇಕವಾಗಿ ಗುರುತಿಸಬಹುದು. ಸಾಮಾನ್ಯ ಲೋಹದಲ್ಲಿ ಈ ಎರಡರ ನಡುವೆ ಬಿರುಕಿಲ್ಲ; ಅವಾಹಕದಲ್ಲಿ ದೊಡ್ಡ ಬಿರುಕುಂಟು.

ಹಾಗಾದರೆ ಚಿನ್ನವನ್ನು ಎಷ್ಟು ಚಿಕ್ಕದಾಗಿ ಒಡೆದರೂ ಅದು ಲೋಹವಾಗಿಯೇ ಉಳಿಯುವುದೆ? ಈ ಪ್ರಶ್ನೆಯನ್ನು ಬೆಂಗಳೂರಿನಲ್ಲಿ ಪ್ರೊ. ಸಿ. ಎನ್. ಆರ್. ರಾವ್ ಮತ್ತು ಅವರ ಸಹೋದ್ಯೋಗಿಗಳು ಇದೇ ವಿಧಾನದಿಂದ ಪರೀಕ್ಷಿಸಿ 1998ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಗ್ರಾಫೈಟಿನ ಮೇಲೆ ಚಿನ್ನ, ಬೆಳ್ಳಿ, ಪಲ್ಲಾಡಿಯಮ್ ಮೊದಲಾದವುಗಳ ಸೂಕ್ಷ್ಮಕಣಗಳನ್ನಿರಿಸಿ, ಒಂದೊಂದು ಕಣದ ಮೇಲೂ ಸೂಜಿಯನ್ನು ನಿಲ್ಲಿಸಿ ಅಳೆದರು. ದೊಡ್ಡ ಕಣಗಳು ಲೋಹದಂತೆಯೇ ವರ್ತಿಸಿದವು. ಗಾತ್ರ ಕುಗ್ಗಿ ಸುಮಾರು ಒಂದು ನ್ಯಾನೊಮೀಟರಿನ ಆಸುಪಾಸಿಗೆ ಬಂದಾಗ ಶಕ್ತಿಯ ನೆಲೆಗಳಲ್ಲಿ ಬಿರುಕು ಕಾಣಿಸಿಕೊಂಡಿತು. ಪರಮಾಣುಗಳು ಚಿನ್ನದವೇ, ಲೋಹತ್ವ ಮಾತ್ರ ಮರೆಯಾಗಿತ್ತು.

ಅದೇ ವರ್ಷ ಅಮೆರಿಕದಲ್ಲಿ ನಡೆದ ಇಂಥದೇ ಮಾಪನಗಳು, ಹೀಗೆ ಲೋಹಗುಣವನ್ನು ಕಳೆದುಕೊಳ್ಳತೊಡಗಿದ ಚಿನ್ನದ ಕಣಗಳೇ ವಿಷಾನಿಲವಾದ ಕಾರ್ಬನ್ ಮೊನಾಕ್ಸೈಡನ್ನು ಆಮ್ಲಜನಕದೊಡನೆ ಕೂಡಿಸುವ ಕ್ರಿಯೆಗೆ ಹೆಚ್ಚು ನೆರವಾಗುತ್ತವೆಂದು ತೋರಿಸಿದವು.

ಒಂದು ಕಾಳು ಭತ್ತವು ರಾಶಿಯೆನಿಸದೆಂಬುದನ್ನು ಗಂಗಾವತಿಯ ರೈತರಿಗೆ ಹೇಳಿಕೊಡಬೇಕಾಗಿಲ್ಲ. ಲೋಹತ್ವವೂ ಅಂತೆಯೇ: ಅದು ಬಿಡಿ ಪರಮಾಣುವಿನ ಸ್ವತ್ತಲ್ಲ, ಅನೇಕ ಪರಮಾಣುಗಳು ಒಂದುಗೂಡಿದಾಗ ಮೂಡುವ ಗುಣ. ಆ ಗುಣವು ಯಾವ ಹಂತದಲ್ಲಿ ಮೂಡುತ್ತದೆಂಬುದನ್ನು ಕಣಕಣವನ್ನೂ ತಟ್ಟಿ ತಿಳಿಸಿದ್ದು ಈ ಪುಟ್ಟ ಸೂಜಿ.