ಕೊನೆಯ 400 ಮೀಟರ್

ಬೋರ್ಡಿನ ಮೇಲೆ ಈ ರಸ್ತೆಗೀಗ ಅಂಬರೀಶ್ ಹೆಸರು. 2023ರಲ್ಲಿ ಬದಲಾಯಿತು. ಆಟೊದವರ ಬಾಯಲ್ಲಿ ಮಾತ್ರ ಇಂದಿಗೂ ರೇಸ್‌ಕೋರ್ಸ್ ರೋಡೇ. ಕುದುರೆ ಹುಚ್ಚಿದ್ದ ನಟನ ಹೆಸರೇ ಬಂದದ್ದರಿಂದ ಬದಲಾವಣೆ ಅಷ್ಟೇನೂ ದೊಡ್ಡದೆನ್ನಿಸುವುದಿಲ್ಲ.

ಗೇಟಿನ ಹೊರಗೆ ರೇಸ್ ಪುಸ್ತಕ ಕೊಂಡೆ. ಜತೆಗೆ ಬಂದ ಗೆಳೆಯನಿಗೆ ಬೆಂಗಳೂರು ಟರ್ಫ್ ಕ್ಲಬ್ಬಿನಲ್ಲಿ ಮೂವತ್ತು ವರ್ಷದ ಅನುಭವ, ಅಂದರೆ ಮೂವತ್ತು ವರ್ಷದ ನಷ್ಟ. ಅವನು ಕುದುರೆಯ ಹೆಸರನ್ನೂ ನೋಡುವುದಿಲ್ಲ. ನೇರ ಜಾಕಿಗಳ ಪಟ್ಟಿಗೆ ಹೋಗುತ್ತಾನೆ: ಎಷ್ಟು ಸವಾರಿ, ಎಷ್ಟು ಗೆಲುವು. ಮೇಲಿನ ಎರಡು ಮೂರು ಹೆಸರು ಬಿಟ್ಟರೆ ಅವನ ಪಾಲಿಗೆ ಉಳಿದವರೆಲ್ಲ ಲೆಕ್ಕಕ್ಕಿಲ್ಲದವರು.

ಈ ಅಭ್ಯಾಸ ಸುಮ್ಮನೆ ಬಂದದ್ದಲ್ಲ. ಜಾಕಿ ಪೆಸಿ ಶ್ರಾಫ್ 2004ರಲ್ಲಿ ಜೀನು ಇಳಿಸಿದಾಗ 1,751 ಗೆಲುವು ಅವರ ಹೆಸರಿನಲ್ಲಿತ್ತು. ಸೂರಜ್ ನರೇಡು ಅದನ್ನು ದಾಟಿ 2,000ವನ್ನೂ ಹಿಂದೆ ಹಾಕಿದರು. ಅಂಥ ಸಂಖ್ಯೆಯ ಎದುರು ವಾದ ನಿಲ್ಲುವುದಿಲ್ಲ. ಆದರೆ ರೇಸ್ ಪುಸ್ತಕದಲ್ಲಿರುವ ಕಳೆದ ನಾಲ್ಕು ವಾರದ ಪಟ್ಟಿ ಬೇರೆ. ಗೆದ್ದವನನ್ನು ತರಬೇತುದಾರರು ಹುಡುಕಿಕೊಂಡು ಬಂದು ಒಳ್ಳೆಯ ಕುದುರೆ ಕೊಡುತ್ತಾರೆ, ಒಳ್ಳೆಯ ಕುದುರೆ ಸಿಕ್ಕವನು ಮತ್ತೆ ಗೆಲ್ಲುತ್ತಾನೆ. ಸೋತವನ ಪಾಲಿಗೆ ಮೊಂಡು ಕುದುರೆ. ಪಟ್ಟಿ ಹೇಳುವುದರಲ್ಲಿ ಅರ್ಧ ಜಾಕಿಯ ಫಾರ್ಮ್, ಇನ್ನರ್ಧ ಲಾಯದ್ದು.

ಹಟಕ್ಕೆ ಬಿದ್ದು ಪಟ್ಟಿಯ ಕೆಳಗಿನಿಂದ ಒಬ್ಬನನ್ನು ಆರಿಸಿಕೊಂಡೆ. ಗೆಲುವಿನ ಕಾಲಮ್ಮಿನಲ್ಲಿ ಸೊನ್ನೆ. ಸಾಕಷ್ಟು ಸವಾರಿ, ಒಂದೂ ಗೆಲುವಿಲ್ಲ. ಹುಡುಗ ಎನ್ನಬೇಕಾದ ವಯಸ್ಸು.

ಪ್ಯಾಡಾಕಿನ ಕಂಬಿಗೆ ಒರಗಿ ನಿಂತೆವು. ಲಾಯದ ಆಳುಗಳು ಕುದುರೆಗಳನ್ನು ಸುತ್ತಿಸುತ್ತಿದ್ದರು. ಹುಡುಗನ ಕುದುರೆ ಕಂದು ಬಣ್ಣದ್ದು. ಕತ್ತಿನ ಮೇಲೆ ಬೆವರಿನ ನೊರೆ ಕಟ್ಟಿತ್ತು, ಓಡುವ ಮುಂಚೆಯೇ ಗಾಬರಿ. ಜಾಕಿಗಳು ಆಗಲೇ ಒಳಗೆ ಜೀನಿನ ಸಮೇತ ತಕ್ಕಡಿ ಹತ್ತಿ ಬಂದಿದ್ದರು. ಹ್ಯಾಂಡಿಕ್ಯಾಪ್ ರೇಸಿನಲ್ಲಿ ಬಲವಾದ ಕುದುರೆಗೆ 60 ಕೆ.ಜಿ. ಆಸುಪಾಸು, ಸಾಧಾರಣದ್ದಕ್ಕೆ 50ರ ಆಸುಪಾಸು. ಜಾಕಿಯ ಮೈತೂಕ ಕಡಿಮೆ ಬಿದ್ದರೆ ಜೀನಿನ ಕೆಳಗಿನ ಬಟ್ಟೆಯ ಜೇಬಿಗೆ ಸೀಸದ ಬಿಲ್ಲೆ ತುರುಕುತ್ತಾರೆ. ಹುಡುಗ ಜೀನಿಗೆ ಏರಿ ಮೊದಲು ಮಾಡಿದ್ದು ಒಂದೇ ಕೆಲಸ: ಲಗಾಮು ಸಡಿಲ ಬಿಟ್ಟು ಕುದುರೆಯ ಹೆಗಲ ಮೇಲೆ ಅಂಗೈ ಇಟ್ಟು ಸುಮ್ಮನೆ ಕೂತ. ಎರಡು ಸುತ್ತಿನಲ್ಲಿ ಅದರ ಕಿವಿ ನೆಟ್ಟಗಾಯಿತು. ಇದು ಯಾವ ಪಟ್ಟಿಯಲ್ಲೂ ಬರುವುದಿಲ್ಲ.

ಗೆಳೆಯ ಫೇವರಿಟ್ ಮೇಲೆ ದುಡ್ಡು ಕಟ್ಟಲು ಓಡಿದ. ಕುದುರೆ ರೇಸ್ ಅದೃಷ್ಟದ್ದಲ್ಲ, ಚಾತುರ್ಯದ ಆಟ ಎಂದು 1996ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಅದು ಬಾಜಿ ಕಟ್ಟುವ ಟೋಟ್ ಕೌಂಟರಿನ ಸಾಲಿನಲ್ಲಿ ನಿಂತ ಮುಖಗಳಿಗೆ ತಿಳಿದಂತೆ ಕಾಣಲಿಲ್ಲ.

ನಾನು ಕೊನೆಯ 400 ಮೀಟರ್ ಕಾಣುವ ಕಡೆ ಬೇಲಿ ಹಿಡಿದೆ. 1,200 ಮೀಟರ್ ಓಟ ಒಂದೂಕಾಲು ನಿಮಿಷದೊಳಗೆ ಮುಗಿಯುತ್ತದೆ. ಸೆಕೆಂಡಿಗೆ ಹದಿನಾರು ಮೀಟರಿಗೂ ಮೇಲೆ, ಅಂದರೆ ಆರೇಳು ಕುದುರೆಯುದ್ದ. ಅರ್ಧ ಸೆಕೆಂಡ್ ಹಿಂದುಮುಂದು ನೋಡಿದರೆ ಮೂರು ಉದ್ದ ಹೋಯಿತು. ತಿರುವಿನಲ್ಲಿ ಹುಡುಗ ಒಳಗಡೆ ಎರಡು ಕುದುರೆಗಳ ಬೆನ್ನಿಗೆ ಸಿಕ್ಕಿಬಿದ್ದಿದ್ದ. ಮುಂದಿನವುಗಳ ಗೊರಸಿನಿಂದ ಹಾರಿದ ಹುಲ್ಲು ಮಣ್ಣು ಅವನ ಕನ್ನಡಕಕ್ಕೆ. ಹೊರಗೆ ಎಳೆದು ಸುತ್ತು ಹಾಕಬಹುದಿತ್ತು, ಹೆಚ್ಚಿನವರು ಹಾಗೇ ಮಾಡುತ್ತಾರೆ, ಅಲ್ಲೇ ದೂರ ಕಳೆದುಕೊಳ್ಳುತ್ತಾರೆ. ಇವನು ಕಾದ. ಚಾವಟಿ ಎತ್ತಲಿಲ್ಲ. ಮುಂದಿನ ಕುದುರೆ ದಣಿದು ಒಂದಿಷ್ಟು ವಾಲಿತು, ಕಂಬಿಯ ಪಕ್ಕ ಒಂದು ಕುದುರೆ ತೂರುವಷ್ಟು ಸಂದು. ಅವನ ಮೈ ಕುದುರೆಯ ಕತ್ತಿನ ಮೇಲೆ ಚಪ್ಪಟೆಯಾಯಿತು, ಕೈಗಳು ಅದರ ತಲೆಯ ಲಯಕ್ಕೆ ಹಿಂದೆ ಮುಂದೆ, ಹಿಂದೆ ಮುಂದೆ. ನನ್ನ ಎದುರು ದಾಟುವಾಗ ಉಸಿರಿನ ಸದ್ದು, ಅದು ಕುದುರೆಯದೋ ಅವನದೋ.

ಫೇವರಿಟ್ ಗೆದ್ದಿತು. ಇವನದು ಎರಡನೆಯದು, ಕತ್ತಿನಷ್ಟು ಅಂತರ.

ಗೆಳೆಯ ನೂರಕ್ಕೆ ಸಿಕ್ಕ ಚೂರುಪಾರು ಲಾಭ ಎಣಿಸುತ್ತ ಬಂದ. ಗೆದ್ದ ಜಾಕಿಯೂ ಚೆನ್ನಾಗಿಯೇ ಸವಾರಿ ಮಾಡಿದ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಮೈದಾನದ ಅತ್ಯುತ್ತಮ ಕುದುರೆ ಅವನ ಕೆಳಗಿತ್ತು. ನಾನು ಆ ದಿನ ಕಂಡ ಒಳ್ಳೆಯ ಸವಾರಿ ಸೋತವನದು. ಜಾಕಿಯ ಫಾರ್ಮ್ ತಿಳಿಯಬೇಕೆಂದರೆ ಟಿವಿ ಪರದೆ ಬಿಟ್ಟು ಬೇಲಿಯ ಹತ್ತಿರ ಬನ್ನಿ.

ಹುಡುಗ ಜೀನು ಬಿಚ್ಚಿ ತೋಳಿಗೆ ಹಾಕಿಕೊಂಡು ಮತ್ತೆ ತಕ್ಕಡಿಯತ್ತ ನಡೆದ. ಓಟದ ನಂತರವೂ ತೂಕ ಕೊಡಬೇಕು, ತೂಕ ತಪ್ಪಿದರೆ ಸ್ಥಾನವೇ ಹೋಗುತ್ತದೆ. ಮುಖದ ತುಂಬ ಮಣ್ಣು, ಕನ್ನಡಕ ಇದ್ದ ಜಾಗ ಮಾತ್ರ ಬಿಳಿ.

ಮುಂದಿನ ವಾರದ ಪುಸ್ತಕ ತೆರೆದು ನೋಡಿದೆ. ಅವನ ಹೆಸರಿನ ಎದುರು ಸವಾರಿ ಒಂದು ಹೆಚ್ಚಿತ್ತು, ಗೆಲುವಿನ ಕಾಲಮ್ಮಿನಲ್ಲಿ ಅದೇ ಸೊನ್ನೆ.